ತಾಮ್ರದ ಜಡೆ

ಬಾನೆಟ್ಟಿಗೆ ಕೈ ಹಚ್ಚುವಾಗ ಅವರ ಬಾಯಲ್ಲಿ ‘ಬಿಸ್ಮಿಲ್ಲಾ’ ಬರುತ್ತಿತ್ತು. ಬಾನೆಟ್ಟು ಮೇಲೆದ್ದ ಮೇಲೆ ಬರುತ್ತಿದ್ದುದೇ ಬೇರೆ. ಹಿಂದೆ ಆ ಇಂಜಿನ್ನನ್ನು ಮುಟ್ಟಿದವನು ಯಾರೇ ಇರಲಿ, ಅವನ ಕಣ್ಣಿಗೆ, ಕೈಗೆ, ಅವನಿಗೆ ಕೆಲಸ ಕಲಿಸಿದ ಗುರುವಿಗೆ, ಎಲ್ಲರಿಗೂ ಮಂಗಳಾರತಿ ಆಗಲೇಬೇಕು. ಒಮ್ಮೆ ನಾನು ನಗು ತಡೆಯಲಾರದೆ, “ಮಿಸ್ತ್ರಿ, ಹೋದ ತಿಂಗಳ ಇದನ್ನ ಬಿಚ್ಚಿದಾವ್ರು ನೀವ ಅಲ್ರೀ?” ಎಂದೆ. ಅವರು ತಲೆ ಎತ್ತದೆಯೇ, “ಅದಕ್ಕ ಇಷ್ಟರ ಉಳದೈತಿ” ಎಂದರು.

ಅವರ ಹೆಸರು ನಾನು ಬರೆಯುವುದಿಲ್ಲ. ಬರೆದರೆ, “ಯಾರ್ನ ಕೇಳಿ ಬರದ್ರಿ?” ಎಂದು ಗೋರಿಯೊಳಗಿಂದಲೇ ಜಗಳ ತೆಗೆಯುವ ಪೈಕಿ. ಹಳಿಯಾಳದಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದೂ ನನಗೆ ನೆನಪಿಲ್ಲ. ಮಿಸ್ತ್ರಿ ಎಂದರೆ ಅವರೇ. ಬಸ್ಸು ನಿಲ್ಲುವ ಜಾಗದ ಹಿಂದೆ, ಹುಣಸೆ ಮರದ ಕೆಳಗೆ ಒಂದು ತಗಡಿನ ಛಪ್ಪರ, ಅದರ ಮುಂದೆ ಸದಾ ಒಂದು ಬಸ್ಸೋ ಲಾರಿಯೋ ಹೊಟ್ಟೆ ಬಿಚ್ಚಿಕೊಂಡು ನಿಂತಿರುತ್ತಿತ್ತು. ಅದು ಯುದ್ಧದ ಕಾಲ. ಪೆಟ್ರೋಲಿಗೆ ಬರ. ದಾಂಡೇಲಿ ಕಾಡಿನ ಇದ್ದಿಲು ಉರಿಸಿ, ಅದರ ಹೊಗೆಯಿಂದ ಓಡುವ ಬಸ್ಸುಗಳು ಬಂದಿದ್ದವು. ಏರಿನಲ್ಲಿ ಪ್ಯಾಸೆಂಜರುಗಳೇ ಇಳಿದು ದಬ್ಬಬೇಕು. ಆ ಬಸ್ಸುಗಳ ಮಸಿಯಲ್ಲಿ ಮಿಸ್ತ್ರಿಯ ಗಡ್ಡ ಯಾವುದು, ಮೋರೆ ಯಾವುದು ಎಂದು ತಿಳಿಯುತ್ತಿರಲಿಲ್ಲ. ಬೆಳ್ಳಗೆ ಕಾಣುತ್ತಿದ್ದುದು ತಲೆಯ ಮೇಲಿನ ಟೋಪಿ ಒಂದೇ. ಅದನ್ನು ಮಾತ್ರ ಮಸಿ ಮುಟ್ಟದಂತೆ ಹೇಗೆ ಕಾಪಾಡಿಕೊಳ್ಳುತ್ತಿದ್ದರೋ, ದೇವರಿಗೇ ಗೊತ್ತು.

ಆ ಟೋಪಿಗೆ ಇನ್ನೊಂದು ಉಪಯೋಗವಿತ್ತು. ಇಂಜಿನ್ ಚಾಲೂ ಮಾಡಿಸಿ ಅವರು ಟೋಪಿಯನ್ನು ಎಡಕ್ಕೆ ಸರಿಸಿ ಬಲಗಿವಿಯನ್ನು ಬಯಲು ಮಾಡಿದರೆಂದರೆ, ಸುತ್ತಲಿನವರು ಮಾತು ನಿಲ್ಲಿಸಬೇಕು. ಚಹದ ಅಂಗಡಿಯವನು ಕಪ್ಪು-ಬಸಿ ಕೂಡ ಕೆಳಗಿಡುವಂತಿಲ್ಲ. ಎಷ್ಟೋ ಹೊತ್ತು ಕೇಳಿ, ಕೆಲಸ ಮನಸ್ಸಿಗೆ ಬಂದರೆ ಟೋಪಿ ಸರಿಮಾಡಿಕೊಂಡು, “ಸಾಫ್ ಐತಿ” ಎನ್ನುವರು. ಈ ಮಾತು ಅವರ ಬಾಯಿಂದ ಬರುವುದು ಅಪರೂಪ. ಬಂತೆಂದರೆ ಆ ಗಾಡಿಯನ್ನು ಕಣ್ಣು ಮುಚ್ಚಿ ಕ್ಯಾಸಲ್‌ರಾಕಿನ ತನಕ ಓಡಿಸಬಹುದು ಎಂದು ಡ್ರೈವರುಗಳು ಹೇಳುತ್ತಿದ್ದರು.

ನನ್ನ ಅವರ ಗಂಟು ಬಿದ್ದದ್ದು ನಮ್ಮ ಕಾಕಾನ ಮೋಟಾರಿನಿಂದ. ಕಾಕಾನದು ಕಟ್ಟಿಗೆ ವ್ಯಾಪಾರ. ದಾಂಡೇಲಿಯ ಡಿಪೋ ನೋಡಿಕೊಳ್ಳುವುದೂ, ಕಾಕಾನನ್ನು ಕೂಡಿಸಿಕೊಂಡು ಮೋಟಾರು ಓಡಿಸುವುದೂ ನನ್ನ ಪಾಲಿಗೆ ಬಂದಿದ್ದವು. ತನ್ನ ದೇಶಕ್ಕೆ ಹೊರಟು ನಿಂತಿದ್ದ ಒಬ್ಬ ಬಿಳಿಯ ಸಾಹೇಬನಿಂದ ಕಾಕಾ ಆ ಮೋಟಾರು ಕೊಂಡಿದ್ದ. ಅದರಲ್ಲೊಂದು ರೇಡಿಯೋ ಇತ್ತು. ಮೋಟಾರಿನೊಳಗೆ ರೇಡಿಯೋ! ಹಳಿಯಾಳದ ಮಂದಿ ಮೊದಮೊದಲು ಮೋಟಾರಿನ ಹಿಂದೆ ಹೋಗಿ, ಹಾಡುವವಳು ಎಲ್ಲಿ ಕೂತಿದ್ದಾಳೆ ಎಂದು ಬಗ್ಗಿ ನೋಡಿದ್ದುಂಟು.

ಆದರೆ ಹಾಡು ಕೇಳುತ್ತಿತ್ತೇ? ಇಂಜಿನ್ ಚಾಲೂ ಆದ ಕೂಡಲೇ ಬಾಣಲೆಯಲ್ಲಿ ಸಾಸಿವೆ ಸಿಡಿದಂತೆ ಕರಕರ ಶುರು. ಗಾಡಿ ಜೋರಾದಷ್ಟೂ ಕರಕರವೂ ಜೋರು. ಇಂಜಿನ್ ಬಂದ್ ಮಾಡಿದರೆ ಕರಕರವೇನೋ ನಿಲ್ಲುತ್ತಿತ್ತು, ಆದರೆ ಬ್ಯಾಟರಿ ಮುದಿಯಾಗಿತ್ತು. ಯುದ್ಧ ಮುಗಿಯುವ ತನಕ ಹೊಸದು ಸಿಗುವಂತಿರಲಿಲ್ಲ. ಇಂಜಿನ್ ನಿಂತರೆ ರೇಡಿಯೋ ಅರ್ಧ ಹಾಡಿಗೇ ದನಿ ಕುಗ್ಗಿಸಿ ಮಲಗಿಬಿಡುತ್ತಿತ್ತು. ಕಾಕಾ ತನ್ನದೇ ಬುದ್ಧಿ ಓಡಿಸಿ, ಗಾಳಿಯಿಂದ ದನಿ ಹಿಡಿಯುವ ಏರಿಯಲ್ ತಂತಿಗೆ ಇನ್ನೊಂದಿಷ್ಟು ತಂತಿ ಹೊಸೆದು ಉದ್ದ ಮಾಡಿಸಿದ. ಹಾಡು ದೊಡ್ಡದಾಯಿತು, ಕರಕರ ಅದಕ್ಕಿಂತ ದೊಡ್ಡದಾಯಿತು.

ಇದನ್ನು ಕೇಳಿ ಮಿಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಸಾವ್ಕಾರ್ರ, ಮನಿ ಕಸಾ ಹೊಡೀದ ಬೀಗರನ್ನ ಕರದ್ರ ಹೆಂಗ್ರಿ? ಮೊದ್ಲ ಕಸಾ ಹೊರಗ ಹಾಕೂಣು. ಆಮ್ಯಾಲ ಎಷ್ಟ್ ಬೇಕಾದಷ್ಟು ತಂತಿ ಕಟ್ರಿ.” ಕಾಕಾನಿಗೆ ಸಿಟ್ಟು ಬಂತು. ಕಸ ಹೊಡೆಯುವ ಕೆಲಸ ಅಲ್ಲಿಗೇ ನಿಂತಿತು. ಮುಂದೆ ಅದು ಶುರುವಾದದ್ದು ಹಾಡಿಗಾಗಿ ಅಲ್ಲ.

ಮಿಸ್ತ್ರಿಗೊಬ್ಬ ತಮ್ಮನಿದ್ದ. ತಂದೆ ಬೇಗ ಹೋದದ್ದರಿಂದ ಅವನನ್ನು ಎತ್ತಿ ಆಡಿಸಿದವರೂ, ಕೈಗೆ ನಟ್ಟು ಬಿಚ್ಚುವ ಪಾನಾ ಕೊಟ್ಟು ಕೆಲಸ ಕಲಿಸಿದವರೂ ಇವರೇ. ತುಂಬಾ ಅಂಜುಬುರುಕ ಹುಡುಗ. ಅಣ್ಣನೆದುರು ಬಾಯಿ ತೆರೆಯುವ ಮೊದಲು ಗಂಟಲಲ್ಲಿ ಖರ್ ಖರ್ ಎಂದು ಕೆಮ್ಮಿ ದನಿ ಸರಿಮಾಡಿಕೊಳ್ಳುವನು. “ಮೊದ್ಲ ಕಾರ್ಬುರೇಟರ್ ತೊಳ್ಕೊ, ಆಮ್ಯಾಲ ಮಾತಾಡು” ಎಂದು ಮಿಸ್ತ್ರಿ ಗದರುವರು. ಅಂಥವನು ಒಂದು ದಿನ ಬಸ್ಸಿನ ಇಂಜಿನ್ನನ್ನು ಅರ್ಧ ಬಿಚ್ಚಿಟ್ಟು, ಯಾರಿಗೂ ಹೇಳದೆ ಬೆಳಗಾವಿಗೆ ಹೋಗಿ ಪಲ್ಟನ್ನಿಗೆ ಸೇರಿಬಿಟ್ಟ. ತಮ್ಮ ಹೋದದ್ದಕ್ಕಿಂತ ಇಂಜಿನ್ ಬಿಚ್ಚಿಟ್ಟು ಹೋದದ್ದಕ್ಕೇ ಮಿಸ್ತ್ರಿಗೆ ಹೆಚ್ಚು ಸಿಟ್ಟು, ಅಥವಾ ಹಾಗೆಂದು ಅವರು ಹೇಳಿಕೊಳ್ಳುತ್ತಿದ್ದರು. “ಬಿಚ್ಚಿದ್ದನ್ನ ಜೋಡಿಸಲಾರದ ಹೋದಾಂವ ಮಿಸ್ತ್ರಿ ಅಲ್ಲ, ಮನಷ್ಯಾನೂ ಅಲ್ಲ. ಅವನ ಹೆಸರು ಮನ್ಯಾಗ ತಗೀಬ್ಯಾಡ್ರಿ” ಎಂದು ತಾಯಿಗೆ ತಾಕೀತು ಮಾಡಿದ್ದರು. ಆ ತಾಯಿ ಮಗನ ಹೆಸರು ತೆಗೆಯದೆಯೇ ದಿನವೂ ಬಾಗಿಲಲ್ಲಿ ಕೂತಿರುತ್ತಿದ್ದರು.

ಹೀಗಿರುವಾಗ ರಜೆಯ ಮೇಲೆ ಬಂದ, ಪಾಳಾ ಊರಿನ ಸಿಪಾಯಿಯೊಬ್ಬ ಛಪ್ಪರಕ್ಕೆ ಬಂದ. ತಮ್ಮನದೂ ಇವನದೂ ಒಂದೇ ಪಲ್ಟನ್. ಇಬ್ಬರೂ ಮರುಭೂಮಿಯಲ್ಲಿ ಲಾರಿ ಓಡಿಸುವವರು. ಸಿಪಾಯಿಗಳು ತಮ್ಮ ಮನೆಯವರಿಗೆ ನಾಲ್ಕು ಮಾತು ಹೇಳುವ ಕಾರ್ಯಕ್ರಮ ರೇಡಿಯೋದಲ್ಲಿ ಆಗುತ್ತದೆಂದೂ, ಬರುವ ಶುಕ್ರವಾರ ಸಂಜೆ ತಮ್ಮನ ಸರದಿ ಇದೆಯೆಂದೂ ಹೇಳಿದ. ಮಿಸ್ತ್ರಿ ಪಾನಾ ಕೆಳಗಿಡಲಿಲ್ಲ, ತಲೆ ಎತ್ತಲೂ ಇಲ್ಲ. ಸಿಪಾಯಿ ಹೋದ ಮೇಲೆ ಮಾತ್ರ ಕೈ ಒರೆಸಿಕೊಂಡು ನೆಟ್ಟಗೆ ನಮ್ಮ ಮನೆಗೆ ಬಂದರು.

“ಸಣ್ಣ ಸಾವ್ಕಾರ್ರ, ನಿಮ್ಮ ಕಾಕಾಗ ಒಂದು ಮಾತ ಹೇಳ್ರಿ. ಮೋಟಾರು ಒಂದು ವಾರ ನನಗ ಬೇಕಾಗೈತಿ. ಅಮ್ಮಾಗ ಕಿವಿ ಮಂದ. ದನಿ ದೊಡ್ಡದು ಮಾಡಿದ್ರ ಕರಕರಾನೂ ದೊಡ್ಡದಾಗತೈತಿ, ಆಕಿಗೆ ಏನೂ ತಿಳಿಯೂದಿಲ್ಲ. ಪೂರಾ ಸಾಫ್ ಮಾಡಬೇಕು.”

“ನಿಮಗ?” ಎಂದೆ.

“ನನಗೇನ್ರಿ? ಅವನ ದನಿ ನಾ ಕೇಳಿಲ್ಲೇನು? ಅಮ್ಮಾಗ ಕೇಳಸಬೇಕು, ಅಷ್ಟ.”

ಊರಲ್ಲಿ ಒಂದೆರಡು ಮನೆಗಳಲ್ಲಿ ರೇಡಿಯೋ ಇದ್ದವು, ಆದರೆ ಅವುಗಳ ಬ್ಯಾಟರಿಗಳೂ ಯುದ್ಧಕ್ಕೆ ಬಲಿಯಾಗಿದ್ದವು. ಉಳಿದದ್ದು ನಮ್ಮ ಮೋಟಾರು. ಕಾಕಾ ಒಪ್ಪಿದ. ಸಿಟ್ಟಿನ ಮನುಷ್ಯನಾದರೂ ಕಾಕಾ ಕಲ್ಲಲ್ಲ. ಅವನ ಮಗನೂ ಮನೆ ಬಿಟ್ಟು ದೂರದ ಪುಣೆಯಲ್ಲಿ ಓದುತ್ತಿದ್ದ.

ಆ ವಾರದ ನೆನಪು ನನಗೆ ಇಂದಿಗೂ ಹಬ್ಬದ ನೆನಪಿನಂತಿದೆ. ಮಿಸ್ತ್ರಿಯ ಪದ್ಧತಿ ಒಂದೇ: ಒಂದೊಂದನ್ನೇ ಬಂದ್ ಮಾಡಿ ಕೇಳುವುದು. ಮೊದಲು ಏರಿಯಲ್ ತಂತಿ ಕಿತ್ತರು. ಕರಕರ ತಗ್ಗಿತು, ಆದರೆ ಹೋಗಲಿಲ್ಲ. “ನೋಡ್ರಿ, ಅರ್ಧಾ ಕಸಾ ತಂತಿಯಿಂದ ಒಳಗ ಬರತೈತಿ, ಅರ್ಧಾ ಬ್ಯಾಟರಿ ದಾರಿಯಿಂದ.” ಬ್ಯಾಟರಿಯ ದಾರಿಗೆ ಹಳೆಯ ರೇಡಿಯೋ ಒಂದರಿಂದ ಕಿತ್ತ, ಆ ಕಸ ಹೀರಿಕೊಳ್ಳುವ ಕಂಡೆನ್ಸರು ಕಟ್ಟಿದರು. ಪ್ಲಗ್ಗುಗಳ ಕಿಡಿಯ ಸೊಕ್ಕು ಇಳಿಸಬೇಕೆಂದು ಇದ್ದಿಲ ಚೂರುಗಳನ್ನು ಬಿದಿರಿನ ಕೊಳವೆಯಲ್ಲಿ ತುರುಕಿ ತಂತಿಯ ನಡುವೆ ಕೂಡಿಸಿದರು. ಇದ್ದಿಲಿನಿಂದ ಬಸ್ಸು ಓಡುವಾಗ ಇದು ಯಾಕೆ ಓಡಬಾರದು ಎಂಬ ವಾದ. ಅದು ಓಡಲಿಲ್ಲ. ಬಿದಿರಿಗೆ ಬೆಂಕಿ ಹತ್ತಿತು. ನಾನು ಚಹದ ಅಂಗಡಿಯ ಕೊಡ ಎತ್ತಿ ನೀರು ಸುರಿಯಬೇಕಾಯಿತು. “ಇದ್ಲಿ ಹಸೀದಿತ್ತು” ಎಂದರು ಮಿಸ್ತ್ರಿ. ಸೋತೆ ಎನ್ನುವ ಮಾತು ಅವರ ಬಾಯಲ್ಲಿ ಹುಟ್ಟಿರಲೇ ಇಲ್ಲ. ಕಡೆಗೆ ಕ್ಯಾಸಲ್‌ರಾಕಿನ ರೇಲ್ವೆಯಲ್ಲಿ ಟೆಲಿಗ್ರಾಫ್ ತಾರಿನ ಕೆಲಸ ಮಾಡುವ ಗೆಳೆಯನೊಬ್ಬ ಕಳಿಸಿದ, ಗಟ್ಟಿ ಇದ್ದಿಲಿನಂಥ ಕರಿ ಕಡ್ಡಿಗಳು ಆ ಜಾಗದಲ್ಲಿ ಕೂತವು, ಕಿಡಿಯ ಸಿಡಿತ ಬಹಳಷ್ಟು ಇಳಿಯಿತು.

ಆಮೇಲೆ ಇಳಿಜಾರಿನ ಪರೀಕ್ಷೆ. ದಾಂಡೇಲಿ ರಸ್ತೆಯ ಏರಿನ ತುದಿಗೆ ಮೋಟಾರು ಒಯ್ದು, ಏರಿಯಲ್ ತಂತಿ ಮತ್ತೆ ಸಿಕ್ಕಿಸಿ, ಇಂಜಿನ್ ಬಂದ್ ಮಾಡಿ, ರೇಡಿಯೋ ಹಚ್ಚಿ ಕೆಳಗೆ ಬಿಡುವುದು. ಇಂಜಿನ್ ಇಲ್ಲದಾಗಲೂ ಕರಕರ ಬಂದರೆ ಅದು ಒಣ ರಸ್ತೆಯ ಮೇಲೆ ತಿರುಗುವ ಗಾಲಿಗಳದು. ಹಾಗೆ ನಾವು ಸದ್ದಿಲ್ಲದೆ ಇಳಿಯುತ್ತಿರುವಾಗ ಎದುರಿಗೆ ಕೋಗಿಲಬನದ ಕಡೆಯ ಚಕ್ಕಡಿಯೊಂದು ಬಂತು. ಇಂಜಿನ್ನಿನ ಸದ್ದೇ ಇಲ್ಲದೆ, ಹೆಂಗಸಿನ ದನಿಯಲ್ಲಿ ಹಾಡಿಕೊಂಡು ಬರುವ ಮೋಟಾರನ್ನು ಕಂಡು ಚಕ್ಕಡಿಯವನು ಎತ್ತುಗಳನ್ನು ಬಿಟ್ಟು ಕಾಡು ಬಿದ್ದ. ಗಾಡಿ ನಿಲ್ಲಿಸಿ ಕರೆದರೂ ಬಾರ. “ಬಾರೋ ಮಾರಾಯಾ, ದೆವ್ವ ಅಲ್ಲ, ಮುಂಬಯಿ ರೇಡಿಯೋ!” ಎಂದು ಮಿಸ್ತ್ರಿ ಕೂಗುತ್ತಿದ್ದರು. ನಾನು ಸ್ಟೇರಿಂಗಿನ ಮೇಲೆ ಬಿದ್ದು ನಗುತ್ತಿದ್ದೆ.

ಗಾಲಿಯ ಕರಕರ ಹೋಗಲು ಗಾಲಿಯ ಮುಚ್ಚಳದೊಳಗೆ ಅಚ್ಚಿಗೆ ಸದಾ ತಾಗಿಕೊಂಡಿರುವ ಸ್ಪ್ರಿಂಗ್ ಬೇಕಿತ್ತು. ಎಲ್ಲೂ ಸಿಗಲಿಲ್ಲ. ಅಮ್ಮಾ ಗೋಡೆಯ ಗಡಿಯಾರ ಇಳಿಸಿ ಮಗನ ಮುಂದಿಟ್ಟರು. “ಇದರಾಗಿಂದು ತಗೊ. ಗಡಿಯಾರ ನಿಂತ್ರ ನಮಾಜಿನ ಹೊತ್ತು ನಿಂದರೂದಿಲ್ಲ.” ಅದು ಅವರ ಗಂಡ ತಂದ ಗಡಿಯಾರ. ಮಿಸ್ತ್ರಿ ಒಂದು ಗಳಿಗೆ ಅದನ್ನು ನೋಡಿ, ತೆಗೆದುಕೊಂಡು ಹೋದರು.

ಇನ್ನೂ ಒಂದು ಬೇಕಿತ್ತು. ಇಂಜಿನ್ನು, ಬಾನೆಟ್ಟು, ಗಾಡಿಯ ಮೈ ಇವೆಲ್ಲ ಬೇರೆಬೇರೆಯಾಗಿ ಅಲುಗಾಡಿದರೆ ಕರಕರ ಹುಟ್ಟುತ್ತದೆ, ಅವನ್ನು ದಪ್ಪ ತಾಮ್ರದಿಂದ ಒಂದಕ್ಕೊಂದು ಕಟ್ಟಿಹಾಕಬೇಕು. ದಪ್ಪ ತಂತಿ ಇಂಜಿನ್ನಿನ ನಡುಕಕ್ಕೆ ಮುರಿಯುತ್ತಿತ್ತು. ಸಣ್ಣ ಎಳೆಗಳನ್ನು ಹೆಣೆಯಬೇಕು. ಮಿಸ್ತ್ರಿಯ ಬೆರಳಿಗೆ ಅದು ಬಾರದು. ಬೈದರು, ಎಸೆದರು. ಅಮ್ಮಾ ಆ ಎಳೆಗಳನ್ನು ಎತ್ತಿಕೊಂಡು, ಬಾಗಿಲ ಬೆಳಕಿಗೆ ಕೂತು, ಕೂದಲು ಹೆಣೆದಂತೆ ಹೆಣೆದರು. ನನ್ನನ್ನು ನೋಡಿ, “ಹೆಣ್ಣಮಕ್ಕಳಿಲ್ಲದ ಮನಿ ತಮ್ಮಾ. ಜಡೀ ಹಾಕೂ ಆಸೆ ಹಿಂಗ ತೀರಾಕತ್ತೈತಿ ನೋಡು” ಎಂದು ನಕ್ಕರು. ನಾನು ಎಳೆಗಳ ತುದಿ ಹಿಡಿದು ಕೂತೆ.

ಕಡೆಗೆ ಏರಿಯಲ್ ತಂತಿಯ ಸರದಿ. ಕಾಡಿನಿಂದ ಉದ್ದನೆಯ ಬಿದಿರು ಕಡಿಸಿ ತಂದು, ಇಂಜಿನ್ನಿನಿಂದ ದೂರ, ಗಾಡಿಯ ಹಿಂಭಾಗಕ್ಕೆ ಕಟ್ಟಿ ಅದರ ತುದಿಯವರೆಗೆ ತಂತಿ ಏರಿಸಿದರು. ಕಾಕಾ ಅಂಗಳಕ್ಕೆ ಬಂದು ನೋಡಿದವನೇ, “ಇದೇನ್ ಮೋಟಾರೋ, ಮೀನಾ ಹಿಡಿಯೋ ಗಾಳಾನೋ?” ಎಂದು ಕಿರುಚಿದ. “ಈಗ ಕಸಾ ಹೊಡದೈತ್ರಿ ಸಾವ್ಕಾರ್ರ, ಇನ್ನ ಬೀಗರು ಬರಲಿ” ಎಂದರು ಮಿಸ್ತ್ರಿ. ಗುರುವಾರ ಸಂಜೆ ಇಂಜಿನ್ ಓಡುತ್ತಿರುವಾಗಲೇ ಮುಂಬಯಿಯ ಸುದ್ದಿ ಎದುರಿಗೆ ಕೂತು ಓದಿದಂತೆ ಕೇಳಿತು. ಟೋಪಿ ಸರಿಸಿದರು, ಬಹಳ ಹೊತ್ತು ಕೇಳಿದರು, ಟೋಪಿ ಸರಿಮಾಡಿಕೊಂಡರು. “ಸಾಫ್ ಐತಿ.”

ಶುಕ್ರವಾರ ಸಂಜೆ ಅಮ್ಮಾನನ್ನು ಕೂಡಿಸಿಕೊಂಡು ಕೋಟೆ ದಿಬ್ಬಕ್ಕೆ ಹೋದೆವು. ಅಲ್ಲಿ ಮರಗಳಿಲ್ಲ, ದನಿ ಅಡ್ಡಿಯಿಲ್ಲದೆ ಬರುತ್ತದೆ. ಅಮ್ಮಾ ತೊಳೆದ ಬಿಳಿ ಚಾದರ ಹೊದ್ದಿದ್ದರು. ಮುಂದಿನ ಸೀಟಿನಲ್ಲಿ ಕೂಡಿಸಿ, ರೇಡಿಯೋದ ಹತ್ತಿರ ಕಿವಿ ಇಡಲು ಹೇಳಿದೆವು. ನಾನು ಸ್ಟೇರಿಂಗಿನಲ್ಲಿ, ಇಂಜಿನ್ ಚಾಲೂ. ಮಿಸ್ತ್ರಿ ಹೊರಗೆ, ತೆರೆದ ಬಾಗಿಲಿಗೆ ಆತುಕೊಂಡು, ಟೋಪಿ ಸರಿಸಿ ನಿಂತಿದ್ದರು. ಒಬ್ಬೊಬ್ಬರೇ ಸಿಪಾಯಿಗಳು ಮಾತಾಡುತ್ತಿದ್ದರು. ಯಾರದೋ ತಂದೆಗೆ, ಯಾರದೋ ಹೆಂಡತಿಗೆ. ಒಂದು ಕರಕರವಿಲ್ಲ. ಆಮೇಲೆ ತಮ್ಮನ ಹೆಸರು ಹೇಳಿದರು, ಹಳಿಯಾಳ ಎಂದರು. ಅಮ್ಮಾ ನನ್ನ ತೋಳು ಹಿಡಿದುಕೊಂಡರು.

ರೇಡಿಯೋದಿಂದ ಖರ್ ಖರ್ ಎಂದು ಬಂತು.

“ಜಡೀ ಸಡಲಾತು!” ಎಂದವರೇ ಮಿಸ್ತ್ರಿ ಮುಂದಕ್ಕೆ ಓಡಿದರು. ಬಾನೆಟ್ಟಿನ ಒಂದು ಮಗ್ಗುಲು ಎತ್ತಿ, ಕೈ ಒಳಗೆ ಹಾಕಿ, ತಾಮ್ರದ ಜಡೆಯನ್ನು ಇಂಜಿನ್ನಿಗೆ ಒತ್ತಿ ಹಿಡಿದರು. ಅದೇ ಕ್ಷಣಕ್ಕೆ ಖರ್ ಖರ್ ನಿಂತು ತಮ್ಮನ ದನಿ ತಿಳಿಯಾಗಿ ಬಂತು. ಮಿಸ್ತ್ರಿಗೆ ಅಷ್ಟೇ ಸಾಕಾಯಿತು. ತನ್ನ ಕೈಯೇ ದನಿಯನ್ನು ಸಾಫ್ ಮಾಡಿದೆ, ಬಿಟ್ಟರೆ ಮತ್ತೆ ಕೆಡುತ್ತದೆ ಎಂದು ಕಾದ ಕಬ್ಬಿಣದ ಮೇಲಿಂದ ಕೈ ತೆಗೆಯಲೇ ಇಲ್ಲ. ನಾನು ಗಾಜಿನಾಚೆ ಅವರ ಮೋರೆ ನೋಡುತ್ತಿದ್ದೆ. ನೋವಿಗೆ ಹಲ್ಲು ಕಚ್ಚಿದ್ದರು. “ಬರ್ರಿ, ಬಿಡ್ರಿ, ಕೇಳ್ರಿ” ಎಂದು ಕೈಸನ್ನೆ ಮಾಡಿದೆ. ಅವರು ಕಣ್ಣಲ್ಲೇ ಗದರಿಸಿ, ನೀವು ಕೇಳಿರಿ ಎಂಬಂತೆ ತಲೆ ಅಲ್ಲಾಡಿಸಿದರು. ಇಂಜಿನ್ನಿನ ಬಾಯಿಗೇ ಕಿವಿ ಕೊಟ್ಟು ನಿಂತವರಿಗೆ ಒಂದು ಅಕ್ಷರವಾದರೂ ಕೇಳಿತೇ?

ತಮ್ಮ ತಾಯಿಗೆ ಸಲಾಮು ಹೇಳಿದ, ಹೊಟ್ಟೆ ತುಂಬ ಊಟ ಸಿಗುತ್ತದೆ ಎಂದ. ಆಮೇಲೆ, “ಭಾಯ್, ಗುಸ್ಸಾ ಥೂಕ್ ದೋ” ಎಂದ. ಅಣ್ಣಾ, ಸಿಟ್ಟು ಬಿಟ್ಟುಬಿಡು. ಬಂದ ಕೂಡಲೇ ಆ ಇಂಜಿನ್ನನ್ನು ನಾನೇ ಜೋಡಿಸುತ್ತೇನೆ, ನೀನು ಕೈ ಹಚ್ಚಬೇಡ ಎಂದ. ಮುಂದಿನ ಸಿಪಾಯಿಯ ಹೆಸರು ಬಂತು.

ಮಿಸ್ತ್ರಿ ಬಂದರು. ಅಂಗೈಯ ಚರ್ಮ ಬೆಳ್ಳಗೆ ಎದ್ದಿತ್ತು. “ಸಾಫ್ ಕೇಳಿತಿಲ್ಲ ಅಮ್ಮಾ? ಮೊದಲಿಗೆ ಸ್ವಲ್ಪ ಕರಕರಾ ಬಂತು, ಹಿಡಕೊಂಡ್ನಿ.”

ಅಮ್ಮಾ ಮಗನ ಕೈ ನೋಡಿದರು. ಚಾದರದ ಸೆರಗನ್ನು ಹರಿದು ಅದಕ್ಕೆ ಸುತ್ತುತ್ತ, “ಸಾಫ್ ಕೇಳಿತು ಬೇಟಾ” ಎಂದರು. ಆಮೇಲೆ ಮೆಲ್ಲಗೆ, “ಅದು ಕರಕರಾ ಅಲ್ಲೋ. ಅಂವ ಕೆಮ್ಮಿದಾ. ನಿನ್ನ ಮುಂದ ಕೆಮ್ಮತಿದ್ದನಲ್ಲಾ, ಹಂಗ.”

ಮಿಸ್ತ್ರಿ ಬಾನೆಟ್ಟಿನ ಕಡೆ ತಿರುಗಿದರು. ವಾರವೆಲ್ಲ ಕರಕರವನ್ನೇ ಹುಡುಕಿದ ಕಿವಿಗೆ ಒಡಹುಟ್ಟಿದವನ ಕೆಮ್ಮೂ ಕರಕರವಾಗಿತ್ತು. “ಅಂವ ಏನಂದಾ ನೀನ ಹೇಳು ತಮ್ಮಾ, ನನಗ ಆಗೂದಿಲ್ಲ” ಎಂದರು ಅಮ್ಮಾ ನನ್ನನ್ನು ನೋಡಿ. ನಾನು ಹೇಳಿದೆ. ಕೆಮ್ಮನ್ನು ಬಿಟ್ಟು ಉಳಿದೆಲ್ಲ ಅವನಂತೆಯೇ ಹೇಳಿದೆ. ಮಿಸ್ತ್ರಿ ಕೇಳಿ, ಬಾನೆಟ್ಟು ಮುಚ್ಚಿ, “ಹೋಗೂಣು, ನಮಾಜಿನ ಹೊತ್ತಾತು” ಎಂದರು.

ತಮ್ಮ ಬರಲಿಲ್ಲ. ಯುದ್ಧ ಮುಗಿಯುವ ಮೊದಲೇ, ಮರುಭೂಮಿಯಲ್ಲಿ ಲಾರಿಯ ಜೊತೆಗೇ ಹೋದನೆಂದು ಸರಕಾರದಿಂದ ಸುದ್ದಿ ಬಂತು. ಅಮ್ಮಾ ಅವನ ಹಿಂದೆಯೇ ಹೋದರು. ಕಾಕಾ ಮೋಟಾರು ಮಾರಿದ. ನಾನು ಡಿಪೋ ಕೆಲಸಕ್ಕೆಂದು ಮುಂಡಗೋಡಿಗೆ ಹೋಗಿ ನಿಂತೆ. ಮನೆಯಲ್ಲಿ ಜಗಳ ಹತ್ತಿದಾಗ, ಒಂದೊಂದನ್ನೇ ಬಂದ್ ಮಾಡಿ ಗದ್ದಲ ಎಲ್ಲಿಂದ ಬರುತ್ತದೆಂದು ನೋಡುವ ಮಿಸ್ತ್ರಿಯ ಪದ್ಧತಿಯನ್ನು ನಾನು ಇಂದಿಗೂ ಬಿಟ್ಟಿಲ್ಲ. ಬಹಳ ಸಲ ಅದು ನನ್ನಿಂದಲೇ ಬರುತ್ತಿರುತ್ತದೆ.

ಹಳಿಯಾಳಕ್ಕೆ ಹೋದಾಗೆಲ್ಲ ಛಪ್ಪರಕ್ಕೆ ಹೋಗುತ್ತಿದ್ದೆ. ಮಿಸ್ತ್ರಿ ಚಹ ತರಿಸುವರು, ಯಾರನ್ನೋ ಬೈಯುವರು, ಕಡೆಗೆ ಕೈಯಲ್ಲಿನ ಕಲೆಯನ್ನು ತಿಕ್ಕಿಕೊಳ್ಳುತ್ತ, “ಅಂವ ಏನಂದಾ, ಒಮ್ಮೆ ಅನ್ರಿ” ಎನ್ನುವರು. ನಾನು ಅನ್ನುತ್ತಿದ್ದೆ. ಕೆಮ್ಮನ್ನು ಮಾತ್ರ ಬಿಡುತ್ತಿದ್ದೆ. ಸುಟ್ಟ ಕೈಯನ್ನು ಮತ್ತೆ ಯಾಕೆ ಮುಟ್ಟಬೇಕು ಎಂದು. ಅವರೂ ಸುಮ್ಮನೆ ಕೇಳಿ ಕೆಲಸಕ್ಕೆ ಏಳುವರು. ಟೋಪಿ ಸರಿಸುತ್ತಿರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲಿನ ಬೇಸಿಗೆಯಲ್ಲಿ ಅವರು ಹಾಸಿಗೆ ಹಿಡಿದಿದ್ದಾರೆಂದು ತಿಳಿದು ಹೋದೆ. ಗಡ್ಡದ ಮಸಿಯೆಲ್ಲ ಹೋಗಿ ಪೂರ್ತಿ ಬೆಳ್ಳಗಾಗಿತ್ತು. ಅದನ್ನು ಕಂಡು ನನಗೆ ಅಳು ಬಂತು. ಗೋಡೆಯ ಮೇಲೆ ನಿಂತ ಗಡಿಯಾರ ಹಾಗೆಯೇ ಇತ್ತು. ಮಾತು ಮುಗಿದ ಮೇಲೆ ಎಂದಿನಂತೆ, “ಒಮ್ಮೆ ಅನ್ರಿ” ಎಂದರು. ನಾನು ತಮ್ಮನ ಸಲಾಮಿನಿಂದ ಶುರುಮಾಡಿದೆ.

“ಹಂಗಲ್ಲ” ಎಂದು ಕೈಯೆತ್ತಿ ತಡೆದರು. ಟೋಪಿಯನ್ನು ಎಡಕ್ಕೆ ಸರಿಸಿದರು. “ಕೆಮ್ಮು ಬಿಟ್ರಿ.”

ನಾನು ಹೇಗೋ ಮಾಡಿ, ಅವನಂತೆ ಖರ್ ಖರ್ ಎಂದು ಕೆಮ್ಮಿದೆ. ಆಮೇಲೆ ತಾಯಿಗೆ ಸಲಾಮು, ಊಟದ ಮಾತು, “ಭಾಯ್, ಗುಸ್ಸಾ ಥೂಕ್ ದೋ,” ಇಂಜಿನ್ನು ಜೋಡಿಸುವ ಮಾತು, ಎಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿ ಬಹಳ ಹೊತ್ತು ಕೇಳುತ್ತಲೇ ಇದ್ದರು. ಹೊರಗೆ ಬಸ್ಸೊಂದು ಏರು ಹತ್ತಲಾರದೆ ಏದುತ್ತಿತ್ತು, ಅದನ್ನು ಬೈಯಲೂ ಇಲ್ಲ. ಆಮೇಲೆ ಟೋಪಿ ಸರಿಮಾಡಿಕೊಂಡರು.

“ಈಗ ಸಾಫ್ ಐತಿ” ಎಂದರು.